ಕೊಟ್ಟೂರಿನ ಎಣಿಕೆ

ಡಿ. 9, ಸಂಜೆ

ಮಕ್ಕಳಿಗೆ ಡ್ರಿಲ್ ಮಾಡಿಸಿ ಮನೆಗೆ ಬಂದೆ. ಕೂಗಿ ಕೂಗಿ ಗಂಟಲು ಒಣಗಿದೆ. ಅಷ್ಟರಲ್ಲಿ ಗುರುಬಸವರಾಜನ ಫೋನ್. ಕೊಟ್ಟೂರಿನಲ್ಲಿ ಪಿ.ಟಿ. ಮೇಷ್ಟ್ರು, ನನ್ನ ಜೊತೆ ಟ್ರೈನಿಂಗ್ ಮಾಡಿದವನು.

"ಲೇ ಭೀಮ್ಯಾ, ಹೈಸ್ಕೂಲ್ ಹುಡುಗ್ಯಾರ ಬ್ಯಾಸ್ಕೆಟ್‌ಬಾಲ್ ಇಟ್ಟೀವಿ. ಫೈನಲ್‌ಗೆ ನೀನ ರೆಫ್ರಿ. ಈ ಸಲ ಶಾಟ್ ಕ್ಲಾಕ್ ತರ್ಸೀನಲೇ, ದಾವಣಗೆರಿಯಿಂದ!"

ಆನೆ ತರಿಸಿದವನ ಹಾಗೆ ಹೇಳಿದ.

ಡಿ. 11

ರೂಲ್ಸ್ ಮತ್ತೆ ಓದಿದೆ. ಬಾಲ್ ಸಿಕ್ಕ ಟೀಮು ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಶಾಟ್ ಹೊಡೆಯಬೇಕು; ಶಾಟ್ ಕ್ಲಾಕ್ ಅದನ್ನು ಎಣಿಸುವ ಮಿಷನ್. ಟೈಮ್ ಮುಗಿದು ಅದರ ಹಾರ್ನ್ ಆಗುವಾಗ ಬಾಲ್ ಗಾಳಿಯಲ್ಲಿದ್ದು ಬುಟ್ಟಿಗೆ ಬಿದ್ದರೆ ಲೆಕ್ಕಕ್ಕುಂಟು. ಗೊತ್ತಿರುವುದೇ. ಆದರೆ ನಮ್ಮ ಕಡೆ ಮಿಷನ್ ಎಲ್ಲಿತ್ತು? ಟೇಬಲ್‌ನಲ್ಲಿ ಒಬ್ಬ ಸ್ಟಾಪ್‌ವಾಚ್ ಹಿಡಿದು ಕೊನೆಯ ಹತ್ತು ಸೆಕೆಂಡ್ ಕೂಗುತ್ತಿದ್ದ, ಜನ ಅವನ ಜೊತೆ ಕೂಗುತ್ತಿದ್ದರು. ಪರವೂರಿನವರ ಕೈಯಲ್ಲಿ ಬಾಲಿದ್ದರೆ ಜನರ ಎಣಿಕೆ ಓಟ ಕೀಳುತ್ತದೆ. ಪಾಪ, ಮಕ್ಕಳು ಗಾಬರಿಬಿದ್ದು ಎತ್ತಲೋ ಎಸೆಯುತ್ತಾರೆ.

ಡಿ. 14, ಸಂಜೆ, ಬಸ್ಸಿನಲ್ಲಿ

 

ಫೈನಲ್. ಕೊಟ್ಟೂರು — ಹರಪನಹಳ್ಳಿ. ಅರ್ಧ ಆಟಕ್ಕೆ ಕ್ಲಾಕಿನ ಎರಡು ಬೋರ್ಡುಗಳಲ್ಲಿ ಒಂದು ಕೆಟ್ಟಿತು. ಉಳಿದದ್ದು, ಶಾಟ್ ಹೊಡೆಯುವಾಗ, ಹರಪನಹಳ್ಳಿ ಹುಡುಗಿಯರ ಬೆನ್ನಿಗೆ. ಅವರಿಗೆ ಹೇಳಿದೆ, ಹಾಗೇ ಆಡಲು ಒಪ್ಪಿದರು.

ಕೊನೆಯ ನಿಮಿಷ. ಕೊಟ್ಟೂರು ಒಂದು ಪಾಯಿಂಟ್ ಮುಂದೆ. ಬಾಲ್ ರೋಜಾ ಕೈಗೆ — ಹರಪನಹಳ್ಳಿಯ ಕ್ಯಾಪ್ಟನ್, ಒಂಬತ್ತನೇ ಕ್ಲಾಸು, ಕಡ್ಡಿಯಂಥ ಹುಡುಗಿ. ಜನ ಶುರುಮಾಡಿದರು.

"ಹತ್ತು! ಒಂಬತ್ತು! ಏಳು! ನಾಕು! ಒಂದು! ಆತ್ರಿ ಸರ್, ಸೀಟಿ ಊದ್ರಿ!"

ನಾನು ಬುಟ್ಟಿಯ ಕೆಳಗೆ, ಅವಳಿಗೆದುರು. ಬಾಯಲ್ಲಿ ಸೀಟಿ. ಎದೆತುಂಬ ಉಸಿರೆಳೆದುಕೊಂಡೂ ಆಗಿತ್ತು... ಕಣ್ಣು ಆಚೆ ತುದಿಯ ಬೋರ್ಡಿಗೆ ಹೋಯಿತು. ಇನ್ನೂ ನಾಲ್ಕು ಸೆಕೆಂಡ್!

ರೋಜಾ ಅಲುಗಲಿಲ್ಲ. ಒಂದು ಸಲ ಬಾಲ್ ಪುಟಿಸಿದಳು. ಎಡಕ್ಕೆ ಸರಿದಳು. ಎಸೆದಳು. ಬಾಲ್ ಮೇಲಿರುವಾಗಲೇ ಹಾರ್ನ್.  ಅಬ್ಬಾ, ಏನು ಬಾಲ್ ಅದು! ರಿಂಗೂ ಮುಟ್ಟದೆ ಒಳಗಿಳಿಯಿತು. ಮೈ ಜುಮ್ಮೆಂದಿತು. ಆಟ ಅಂದರೆ ಇದು ಎನ್ನಿಸಿತು.

ಗುರುಬಸವರಾಜ ಓಡಿಬಂದ. "ಹಾರ್ನ್ ಆದ ಮ್ಯಾಲೆ ಬಿದ್ದೈತಲೇ! ಕ್ಯಾನ್ಸಲ್ ಮಾಡು!"

"ಕೈ ಬಿಟ್ಟ ಮ್ಯಾಲೆ ಹಾರ್ನ್ ಆಗೇತಪಾ. ಎರಡು ಪಾಯಿಂಟ್."

"ನಮ್ಮೂರಾಗ ಉಂಡು ಹಿಂಗ ಮಾಡ್ತಿಯೇನಲೇ?" ಮುಖ ತಿರುಗಿಸಿ ಹೋದ. ಉಳಿದ ಸೆಕೆಂಡುಗಳಲ್ಲಿ ಕೊಟ್ಟೂರಿಗೆ ಪಾಯಿಂಟ್ ಸಿಗಲಿಲ್ಲ, ಹರಪನಹಳ್ಳಿ ಗೆದ್ದಿತು.

ಡಿ. 15, ಬೆಳಿಗ್ಗೆ

ಗುರುಬಸವರಾಜ ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೆ ಬಿಡಲಿ.

ನಿನ್ನೆ ಒಂದು ಮಾತು ಬರೆಯಲಾಗಲಿಲ್ಲ. ಕಪ್ ಕೊಟ್ಟ ಮೇಲೆ ರೋಜಾಳನ್ನು ಕೇಳಿದ್ದೆ. "ಬೋರ್ಡು ನಿನ್ನ ಬೆನ್ನಿಗಿತ್ತು. ಊರೆಲ್ಲ ಟೈಮ್ ಮುಗೀತು ಅಂತಿತ್ತು. ಹೆಂಗ ತಡಕೊಂಡೆವ್ವಾ?"

"ನಿಮ್ ಸೀಟಿ ನೋಡ್ತಿದ್ನಿ ಸರ್. ಜನ ಸುಳ್ಳು ಎಣಿಸ್ತಾರ. ನೀವು ಊದಿಲ್ಲಂದ್ರ ಟೈಮ್ ಐತಿ ಅಂತ..."

ಭೇಷ್ ಎಂದೆ.  ಎಂಥ ನಂಬಿಕೆ, ದೇವರೇ! ಅದೂ ನನ್ನ ಮೇಲೆ. ಆ ಸೀಟಿಯೊಳಗೆ ಆಗಲೇ ನನ್ನ ಉಸಿರು ಅರ್ಧ ಹೊಕ್ಕಿತ್ತು, ಜನರ ಎಣಿಕೆ ನಂಬಿ. ಅದು ಅವಳಿಗೆ ಗೊತ್ತಿಲ್ಲ.