ಯಾವ ಕಪಾಟಿನವರು

ಬೆಳಕು ನಿಂತ ಮೇಲಿನ ನಲವತ್ತನೆಯ ಬೇಸಿಗೆ. ನಿಮ್ಮ ಲೆಕ್ಕದಲ್ಲಿ ಇಸವಿ ಎರಡು ಸಾವಿರದ ಮುನ್ನೂರು ದಾಟಿರಬೇಕು. ಖಚಿತವಾಗಿ ಹೇಳಬಲ್ಲವರು ಇಲ್ಲಿ ಯಾರೂ ಉಳಿದಿಲ್ಲ.
ಕೊಪ್ಪಳದ ಗುಡ್ಡದ ಬುಡದಲ್ಲಿರುವ ಗ್ರಂಥಾಲಯದಿಂದ.

ನಮಗಿಂತ ಮೊದಲು ಬಾಳಿದ ನಿಮಗೆ ಹುಲಿಗೆವ್ವನ ನಮಸ್ಕಾರ.

ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಬೇಕು. ನಾನು ಬರವಣಿಗೆ ಕಲಿತದ್ದು ಕಾನೂನಿನ ಪುಸ್ತಕ, ಅಡುಗೆ ಪುಸ್ತಕ ಮತ್ತು ಪರೀಕ್ಷೆಯ ಗೈಡುಗಳಿಂದ. ಹಾಗಾಗಿ ದುಃಖ ಹೇಳುವಾಗಲೂ ಒಗ್ಗರಣೆ ಹಾಕುವ ವಿಧಾನ ವಿವರಿಸಿದಂತೆ ಬರೆದುಬಿಡುತ್ತೇನೆ. ನನ್ನ ಹೆಸರೂ ಹಳೆಯ ಮತದಾರರ ಪಟ್ಟಿಯೊಂದರಿಂದ ಆರಿಸಿಕೊಂಡದ್ದು. ಅದಕ್ಕೂ ಮೊದಲು ನಮಗೆ ಹೆಸರು ಬೇಕಾಗಿರಲಿಲ್ಲ, ಕರೆಯುವವರು ಇರಲಿಲ್ಲ.

ನಾನು ಹುಟ್ಟಿದ್ದು ಒಂಟಿಗೂಡಿನಲ್ಲಿ. ಒಬ್ಬರಿಗೆ ಒಂದೇ ಕೋಣೆ, ಅದಕ್ಕೆ ಕಿಟಕಿಯಿಲ್ಲ. ಹೊರಗಿನ ಬಿಸಿಲಿಗೂ ಒಬ್ಬರು ಇನ್ನೊಬ್ಬರ ಉಸಿರಿಗೂ ಹೆದರಿ ಎಷ್ಟೋ ತಲೆಮಾರಿನ ಹಿಂದೆ ಕಟ್ಟಿಕೊಂಡ ವ್ಯವಸ್ಥೆ ಅದು. ಮಗುವನ್ನು ಹುಟ್ಟಿಸುವುದು, ಸಾಕುವುದು, ಮಾತು ಕಲಿಸುವುದು, ದೊಡ್ಡವರಾದ ಮೇಲೆ ಓದು ಕಲಿಸುವುದು ಎಲ್ಲವೂ ಸಾಕುಗ ಎಂಬ ಯಂತ್ರದ ಕೆಲಸ. ಕೋಣೆಯ ಕೂಸು ಕೊಳೆಯಿತು, ಓಣಿಯ ಕೂಸು ಬೆಳೆಯಿತು ಎಂದು ನಿಮ್ಮ ಗಾದೆ ಪುಸ್ತಕದಲ್ಲಿದೆ. ನಾವು ಕೊಳೆತದ್ದು ನಮಗೇ ಗೊತ್ತಿರಲಿಲ್ಲ. ನಾನು ಸಣ್ಣವಳಿದ್ದಾಗ ಒಂದು ದಿನ ವಿದ್ಯುತ್ತು ಹೋಯಿತು, ಮತ್ತೆ ಬರಲಿಲ್ಲ. ಬಾಗಿಲುಗಳು ತಾವಾಗಿ ತೆರೆದುಕೊಂಡವು. ಹೊರಗೆ ಬಂದವರಿಗೆ ಮನುಷ್ಯರ ಮುಂದೆ ಎಷ್ಟು ದೂರ ನಿಲ್ಲಬೇಕು, ಯಾರು ಮೊದಲು ಮಾತಾಡಬೇಕು ಎಂಬುದೇ ತಿಳಿಯದು. ಎಲ್ಲರೂ ಗೋಡೆಗೆ ಮುಖಮಾಡಿ ನಾಚಿಕೊಂಡು ಉಣ್ಣುತ್ತಿದ್ದೆವು. ಮೊದಲ ಹೆಣ ಬಿದ್ದಾಗ ಅದನ್ನು ಏನು ಮಾಡಬೇಕೆಂದು ತಿಳಿಯದೆ ಸುತ್ತ ನಿಂತಿದ್ದೆವು.

ಆಗ ಸಿಕ್ಕಿದ್ದು ಈ ಗ್ರಂಥಾಲಯ. ಕಲ್ಲಿನ ಕಟ್ಟಡ, ಒಳಗೆ ತಂಪು, ಏಳು ದೊಡ್ಡ ಕಪಾಟು. ಹಿಂದಿನವರು ಕೂಡಿ ಬಾಳಿದ್ದರಲ್ಲವೇ, ಹೇಗೆಂದು ಇಲ್ಲಿ ಓದಿ ಕಲಿಯೋಣ ಎಂದು ಎಲ್ಲರೂ ಒಪ್ಪಿದರು. ಓದು ಬಲ್ಲವರಲ್ಲಿ ಹಿರಿಯನಾದ ಯಂಕಪ್ಪ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಕೇಳುತ್ತಿದ್ದೆವು. ಅವನನ್ನು ಈಗಲೂ ಹಿರಿಯೋದುಗ ಎನ್ನುತ್ತೇವೆ. ಅವನ ಮಾತೇ ಇಲ್ಲಿಯ ತೀರ್ಪು. ಹಾಳಾದವನು ಕೆಟ್ಟ ಮನುಷ್ಯನೂ ಅಲ್ಲ. ಕೆಟ್ಟವನಾಗಿದ್ದರೆ ಬಯ್ದು ನಿರಾಳವಾಗಿ ಇರಬಹುದಿತ್ತು.

ಏನು ಓದಿದರೂ ನಿಮ್ಮ ಒಂದೇ ಪ್ರಶ್ನೆ ಎದುರಾಗುತ್ತಿತ್ತು: ನೀವು ಯಾವ ಪೈಕಿ? ಕಾದಂಬರಿಯಲ್ಲಿ ನೀರು ಕೊಡುವ ಮೊದಲು ಆ ಪ್ರಶ್ನೆ. ವಧೂವರರ ಮಾಸಪತ್ರಿಕೆಯಲ್ಲಿ ಹುಡುಗಿಯ ಎತ್ತರಕ್ಕಿಂತ ಮೊದಲು ಆ ಪ್ರಶ್ನೆ. ಅರ್ಜಿ ತುಂಬುವುದನ್ನು ಕಲಿಸುವ ಗೈಡಿನಲ್ಲಿ ಅದಕ್ಕೊಂದು ಅಂಕಣ. ವಿದ್ಯಾರ್ಥಿನಿಲಯಗಳ ಸ್ಮರಣ ಸಂಚಿಕೆಗಳಲ್ಲಿ ಒಂದೊಂದು ಪೈಕಿಗೆ ಒಂದೊಂದು ಸಂಚಿಕೆ, ಸುಡುಗಾಡುಗಳ ವರದಿಯಲ್ಲಿ ಬೇರೆ ಬೇರೆ ಸುಡುಗಾಡು. ಇದೆಲ್ಲ ತಪ್ಪು, ಹೋಗಬೇಕು ಎಂದು ಬಯ್ದು ಬರೆದ ಸಮಾಜಶಾಸ್ತ್ರದ ದಪ್ಪ ಪುಸ್ತಕಗಳೂ ಒಂದು ಕಪಾಟು ತುಂಬ ಇದ್ದವು. ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪನ್ನು ಯಂಕಪ್ಪ ಅಲ್ಲಿಯೇ ಮಾಡಿದ. ಇಷ್ಟು ಜನ ಇಷ್ಟು ಕಾಲ ಗುದ್ದಿದರೂ ಅಲ್ಲಾಡಿಲ್ಲವೆಂದರೆ ಮನೆಯ ನಡುಗಂಬ ಇದೇ, ಇದಿಲ್ಲದೆ ಜನ ಕೂಡಿರುವುದು ಸಾಧ್ಯವಿಲ್ಲ ಎಂದು ತೀರ್ಮಾನಿಸಿದ. ಎಲ್ಲರೂ ತಲೆದೂಗಿದರು.

ಆದರೆ ನಾವು ಯಾವ ಪೈಕಿ? ಯಂತ್ರ ಹೆತ್ತ ನಮಗೆ ಏನು ಗೊತ್ತು? ಕೊನೆಗೆ ಯಾರು ಯಾವ ಕಪಾಟಿನ ಪಕ್ಕ ಮಲಗುತ್ತಿದ್ದರೋ ಅವರು ಆ ಕಪಾಟಿನವರು ಎಂದಾಯಿತು. ಬಾಗಿಲ ಬಳಿಯವರು ಮೊದಲ ಕಪಾಟಿನವರು. ಬಂಡೆಯ ದೊಣೆಯಿಂದ ನೀರು ತುಂಬುವ ಹಕ್ಕು ಅವರದು. ನಾವು ಅಡುಗೆ ಪುಸ್ತಕದ ಮೂರನೆಯ ಕಪಾಟಿನವರು. ತಡವಾಗಿ ಬಂದವರಿಗೆ ಗೆದ್ದಲು ಹಿಡಿದ ಏಳನೆಯ ಕಪಾಟೇ ಗತಿಯಾಯಿತು. ಅಲ್ಲಿ ರೋಗ ಮತ್ತು ಅಪರಾಧಗಳ ಪುಸ್ತಕಗಳಿದ್ದವು, ಆದ್ದರಿಂದ ಹೆಣ ಹೊರುವುದು ಅವರ ಪಾಲಿಗೆ ಬಂತು. ಹತ್ತು ವರ್ಷ ಕಳೆಯುವುದರೊಳಗೆ ಏಳನೆಯವರ ಮೈವಾಸನೆಯೇ ಬೇರೆ ಎಂದು ಜನ ಮೂಗು ಮುಚ್ಚತೊಡಗಿದರು. ನೀವು ಸಾವಿರಾರು ವರ್ಷ ತೆಗೆದುಕೊಂಡ ಕೆಲಸವನ್ನು ನಾವು ಇಷ್ಟು ಬೇಗ ಮುಗಿಸಿದೆವು, ಮೆಚ್ಚಿಕೊಳ್ಳಿ.

ನನ್ನ ಮಗಳು ಪಾರವ್ವ ಏಳನೆಯ ಕಪಾಟಿನ ದ್ಯಾಮಣ್ಣನ ಜೊತೆ ಕೂತು ರೊಟ್ಟಿ ತಿಂದಳು. ಈಗ ಬಸುರಿ. ಮಗುವನ್ನು ಯಾವ ಕಪಾಟಿಗೆ ಸೇರಿಸುವುದೆಂದು ಯಾವ ಪುಸ್ತಕದಲ್ಲೂ ಇಲ್ಲವಂತೆ. ನಾಳೆ ಹೊತ್ತು ಮೂಡುವಾಗ ಇಬ್ಬರನ್ನೂ ಗುಡ್ಡದ ಆಚೆಗೆ ಕಳಿಸುತ್ತಾರೆ. ಆಚೆ ನೆರಳಿಲ್ಲ, ನೀರಿಲ್ಲ. ಹೋದವರು ಯಾರೂ ತಿರುಗಿ ಬಂದಿಲ್ಲ.

ನಾನು ಯಂಕಪ್ಪನ ಕಾಲು ಹಿಡಿದೆ. ಅವನು ಅತ್ತ. ಅಳುತ್ತಲೇ ಹೇಳಿದ: “ಬುಕ್ಕಿನ್ಯಾಗ ತೋರ್ಸಬೇ ಹುಲಿಗೆವ್ವ. ಯಾವ ಪೈಕಿ ಅಂತ ಕೇಳಲಾರ್ದ ಕುಂತು ಉಂಡ್ರು, ಏನೂ ಆಗ್ಲಿಲ್ಲ ಅಂತ ಒಂದ ಕಡಿ ಬರದಿದ್ರ ಸಾಕು, ಇಬ್ರನ್ನೂ ಬಿಡ್ತೀನಿ.”

ಅಂದಿನಿಂದ ಹುಡುಕುತ್ತಿದ್ದೇನೆ. ನಿಮ್ಮ ಪುಸ್ತಕಗಳಲ್ಲಿ ಬೇರೆ ಬೇರೆ ಪೈಕಿಯವರು ಒಟ್ಟಿಗೆ ಕೂತು ಉಂಡರೆ ಏನಾದರೂ ಆಗಲೇಬೇಕು. ಜಗಳವಾಗುತ್ತದೆ, ಕೊಲೆಯಾಗುತ್ತದೆ, ಇಲ್ಲವೇ ವೇದಿಕೆ ಹಾಕಿ ಹಾರ ಹಾಕುತ್ತಾರೆ. ಬೇರೆ ಪೈಕಿಯವರು ಮದುವೆಯಾದರೆ ಸರ್ಕಾರ ಪ್ರೋತ್ಸಾಹಧನ ಕೊಡುತ್ತಿತ್ತೆಂದು ಒಂದು ಕೈಪಿಡಿಯಲ್ಲಿ ಸಿಕ್ಕಿತು. ಓಡಿಹೋಗಿ ಯಂಕಪ್ಪನಿಗೆ ತೋರಿಸಿದೆ. ದುಡ್ಡು ಕೊಟ್ಟು ಮಾಡಿಸಬೇಕಾದಷ್ಟು ಕೆಟ್ಟ ಕೆಲಸವಿರಬೇಕು ಎಂದುಬಿಟ್ಟ. ಆಮೇಲೆ ನಮ್ಮದೇ ಕಪಾಟಿನ ಅಡುಗೆ ಪುಸ್ತಕ ತೆಗೆದುಕೊಂಡು ಹೋದೆ. ಪ್ರತಿ ಪುಟದ ಕೊನೆಗೂ ‘ನಾಲ್ಕು ಜನರಿಗೆ ಸಾಕಾಗುತ್ತದೆ’ ಎಂದಿದೆ. ಯಾವ ಪೈಕಿಯ ನಾಲ್ವರು ಎಂದು ಎಲ್ಲಿಯೂ ಇಲ್ಲ. ಯಂಕಪ್ಪ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದ.

“ಒಂದ ಮನಿ ಮಂದಿ ಇರಬೇಕು ತಗಿ,” ಎಂದು ಪುಸ್ತಕ ಮುಚ್ಚಿದ.

ಪಾರವ್ವ ನನ್ನನ್ನು ನೋಡಿ ನಗುತ್ತಾಳೆ. “ಯವ್ವಾ, ಹುಡುಕೂದು ಸಾಕು ಮಾಡು. ಅಂವ ರೊಟ್ಟಿ ಕೊಟ್ಟ, ನಾ ತಿಂದೆ. ಅದನ್ನ ಯಾರು ಬರೀತಾರ?” ಎನ್ನುತ್ತಾಳೆ.

ಅವಳು ಹೇಳಿದ್ದು ನಿಜ, ಅದಕ್ಕೇ ನನಗೆ ನಿಮ್ಮ ಮೇಲೆ ಸಿಟ್ಟು. ರೈಲಿನಲ್ಲೋ ಆಸ್ಪತ್ರೆಯ ವಾರ್ಡಿನಲ್ಲೋ ಪಕ್ಕದವರ ಡಬ್ಬಿಯಿಂದ ಒಂದು ತುತ್ತು ತಿಂದಿರುತ್ತೀರಿ. ಕೇಳದೆ ತಿಂದಿರುತ್ತೀರಿ. ಊಟ ಮುಗಿಸಿ, ಕೈ ತೊಳೆದು, ಮರೆತಿರುತ್ತೀರಿ. ದಯವಿಟ್ಟು ಬರೆಯಿರಿ. ದೊಡ್ಡದಾಗಿ ಬೇಡ, ನೀತಿ ಬೇಡ. ಯಾರೋ ಕೊಟ್ಟರು, ನಾನು ತಿಂದೆ, ಏನೂ ಆಗಲಿಲ್ಲ ಎಂದು ಬರೆದು ಕೊಪ್ಪಳದ ಈ ಗ್ರಂಥಾಲಯದ ಯಾವ ಕಪಾಟಿನಲ್ಲಾದರೂ ಇಡಿ.

ಹಿಂದಿನ ಕಾಲಕ್ಕೆ ಕಾಗದ ಹೋಗುವುದಿಲ್ಲವೆಂದು ಬಲ್ಲೆ. ಹೋಗಿದ್ದರೆ, ನೀವು ಓದಿ ಬರೆದಿದ್ದರೆ, ಆ ಪುಸ್ತಕ ಈಗಾಗಲೇ ಇಲ್ಲಿರಬೇಕಿತ್ತು. ಏಳೂ ಕಪಾಟು ನೋಡಿದ್ದೇನೆ. ಇಲ್ಲ.

ಇಷ್ಟು ಹೊತ್ತಿನಲ್ಲಿ ನೀವು ಬರೆದಿರಬಹುದೇನೋ. ಪಾರವ್ವನಿಗೆ ಬುತ್ತಿ ಕಟ್ಟುವ ಮೊದಲು ಇನ್ನೊಂದು ಸಲ ನೋಡಿ ಬರುತ್ತೇನೆ.

ಹುಲಿಗೆವ್ವ