ಕಾಲು ತಾಕಿದ್ದಕ್ಕ

ಯಪ್ಪಾ,

ನಿಜಾಮರ ಪಲ್ಟನ್ಯಾಗ ಚೆಂಡು ಒದಿಲಿಕ್ಕೇ ಪಗಾರ ಕೊಡ್ತಾರ ಅಂದ್ರ ನೀ ಸಾಯೋತನಕ ನಂಬಲಿಲ್ಲ. ನಿನ್ನೆ ಕಲಬುರಗಿಯಾಗ ಫಾರ್ವರ್ಡ್ ಆಗಿ ನಂದು ಕಡೀ ಆಟ. ಚೆಂಡು ಹಿಡ್ಕೊಂಡಿದ್ದ ಎದುರು ಟೀಮಿನ ಗೋಲಕೀಪರ್ ಸೂಗಪ್ಪಗ ನನ್ನ ಕಾಲು ತಾಕ್ತು. ನೀ ಹಚ್ಚಿದ ಚಟ, ಬಗ್ಗಿ ಅವನ್ನ ಮುಟ್ಟಿ ಕಣ್ಣಿಗೆ ಒತ್ಕೊಂಡೆ. ಅವನೂ ನಮ್ಮ ಕಡಿಯಾಂವ. ಚೆಂಡು ಬಿಟ್ಟು ನನಗ ಕೈ ಮುಗುದ. ಚೆಂಡು ಉರುಳಿ ಗೋಲಿನ್ಯಾಗ ಹೋತು.

"ಅರೇ, ಸಲಾಂ ಬಾದ್‌ಮೇ ಕರ್, ಪೈಲೇ ಬಾಲ್ ಪಕಡ್!" ಅಂತ ಅವರ ಕಪ್ತಾನ ಒದರಿದ, ಸಲಾಮು ಆಮ್ಯಾಲ ಮಾಡು, ಮೊದಲ ಚೆಂಡು ಹಿಡಿ ಅಂತ.

ಇಷ್ಟು ವರ್ಷ ಒದ್ದಾಂವಗ ಕಡೀ ಗೋಲು ಕೈಯಿಂದ ಸಿಕ್ತು, ನೋಡು.

ಇವತ್ತು ಕಮಲಾಪುರದ ಮನಿಗೆ ಬಂದೆ. ಬಾಗಲದಾಗ ನೀ ಊರಿಕೊಂಡು ಅಡ್ಡಾಡತಿದ್ದ ಬಡಿಗಿಗೆ ಕಾಲು ತಾಕ್ತು. ಬಗ್ಗಿ ಮುಟ್ಟಿದೆ. ಓಡಿಹೋಗಿ ಒದಿಯೋ ಚೆಂಡು ಯಾವುದೂ ಇರಲಿಲ್ಲಪ್ಪಾ, ಹಂಗಾಗಿ ಲಗೂ ಏಳಲಿಲ್ಲ.

ನಿನ್ನ ರೇವಣ್ಣ