ಹುಳುವಿನ ತಟ್ಟೆಗೆ ಹಾಸಿದ ಹಾಳೆ

ಹೋಳೂರು, ಮೇ ೧೯೮೮

ಗೋವಿಂದಯ್ಯ ಮೇಷ್ಟ್ರಿಗೆ, ನಿಮ್ಮ ಶಿಷ್ಯೆ ಯಶೋದೆಯ ಅಣ್ಣ ಮುನಿಶಾಮಿ ಮಾಡುವ ನಮಸ್ಕಾರ.

ನೀವು ತೀರಿಕೊಂಡು ವರ್ಷವಾಯಿತು. ಆದರೂ ಇವತ್ತು ನಡೆದದ್ದನ್ನು ನಿಮಗಲ್ಲದೆ ಇನ್ಯಾರಿಗೆ ಹೇಳಲಿ.

ದಿನವೂ ಸಂಜೆ ಹೈಸ್ಕೂಲಿನ ಗಂಟೆ ಹೊಡೆದ ಮೇಲೆ ಯಶೋದೆಯನ್ನು ಕೂರಿಸಿಕೊಂಡು, ಮುಂದೆ ಕಂಪ್ಯೂಟರ್ ಓದಲು ಬೇಕಾದ ಲೆಕ್ಕ ಕಲಿಸಿದವರು ನೀವು. ಎಸ್ಸೆಸ್ಸೆಲ್ಸಿ ಮುಗಿದಾಗ, ಮೂರು ವರ್ಷದ ಹಿಂದೆ, ನಮ್ಮ ಬಾಗಿಲಿಗೂ ಬಂದಿರಿ.

"ಹುಳ ಜ್ವರಕ್ಕೆ ಕೂತವೆ ಮೇಷ್ಟ್ರೇ, ಹೊರಗಿನೋರು ಒಳಕ್ಕೆ ಬರಂಗಿಲ್ಲ" ಎಂದೆ. ರೇಷ್ಮೆ ಹುಳು ಪೊರೆ ಬಿಡುವಾಗಿನ ಈ ಕಟ್ಟುಪಾಡು ನಿಮಗೂ ಗೊತ್ತಿತ್ತು.

"ಆಗ್ಲಪ್ಪ. ಕೋಲಾರದಲ್ಲಿ ಪಿಯುಸಿ ಸೈನ್ಸಿಗೆ ಸೇರೋಕೆ ಸೋಮವಾರ ಕೊನೆ ದಿನ. ಇವನ್ನ ಅವಳ ಕೈಗೆ ಕೊಡು" ಎಂದು ಅರ್ಜಿಯನ್ನೂ, ನೀವೇ ಬರೆದ ಲೆಕ್ಕದ ಹಾಳೆಗಳನ್ನೂ ಕೊಟ್ಟು ಹೋದಿರಿ.

ಅಪ್ಪನನ್ನು ಒಪ್ಪಿಸಲು ನೀವು ಬರುತ್ತೀರೆಂದು ಅವಳು ಕಾಯುತ್ತಿದ್ದಳು. ಅವಳು ಹೋದರೆ ಹುಳುಗಳಿಗೆ ಸೊಪ್ಪು ಹಾಕುವವರು ಯಾರೆಂದು ನಾನು ಯೋಚಿಸುತ್ತಿದ್ದೆ. ತಟ್ಟೆಗೆ ಹಾಸಲು ಕಾಗದ ಸಾಲದೆ ಬಂದಿತ್ತು. ನೀವು ಕೊಟ್ಟದ್ದನ್ನೇ ಹಾಸಿಬಿಟ್ಟೆ.

ಮುಳಬಾಗಿಲಿನ ಗಂಡನ ಮನೆಯಿಂದ ಬಂದಿರುವ ಯಶೋದೆ ಇವತ್ತು ಅಟ್ಟದ ಹಳೇ ತಟ್ಟೆ ತೊಳೆಯುತ್ತಿದ್ದಳು. ಒಂದರ ತಳಕ್ಕೆ ಅಂಟಿದ್ದ ನಿಮ್ಮ ಕೈಬರಹದ ಹಾಳೆಯನ್ನು ಮೆಲ್ಲಗೆ ಬಿಡಿಸಿ, ಒದ್ದೆ ಬೆರಳಿನಿಂದ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಆ ಲೆಕ್ಕ ಮಾಡತೊಡಗಿದಳು. ಬಿಸಿಲಿಗೆ ಮೊದಲ ಸಾಲು ಆರುವಷ್ಟರಲ್ಲಿ ಕೊನೆಯ ಸಾಲಿಗೆ ಬಂದಿದ್ದಳು.

"ಮೇಷ್ಟ್ರು ನನ್ನ ಮರ್ತೇಬಿಟ್ರು ಅಂದಿದ್ಯಲ್ಲಣ್ಣ. ಯಾವಾಗ ಬಂದಿದ್ರು?"

"ಸೊಪ್ಪು ಬಾಡ್ತದೆ" ಎಂದು ತೋಟಕ್ಕೆ ಹೊರಟುಬಿಟ್ಟೆ.

ತಿರುಗಿ ಬಂದಾಗ ತಟ್ಟೆಗಳೆಲ್ಲ ಗೋಡೆಗೆ ಒರಗಿ ಒಣಗುತ್ತಿದ್ದವು. ಊಟಕ್ಕೆ ಬಡಿಸಿದಳು. ಒಣಗಿದ ಆ ಹಾಳೆ ಅವಳ ಸೆರಗಿನ ಗಂಟಿನಲ್ಲಿತ್ತು.